ಗಟ್ಟಿಯಾಗಿ ಓದಬೇಕಾದ ಕಾಗದ

ಕುದ್ರೋಳಿ
7 ಜುಲೈ 2025

ಪ್ರೀತಿಯ ಮೋಕ್ಷಾ,

ಇಸವಿ ಸರಿಯಾಗಿ ನೆನಪಿಲ್ಲ, ನೀನು ಹುಟ್ಟುವುದಕ್ಕೆ ಮೊದಲು, ಒಂದು ದಸರಾದಲ್ಲಿ ಹುಲಿವೇಷ ಹಾಕಿ ನಾನು ಹಲ್ಲಿನಿಂದ ಎತ್ತಿ ಹಿಂದಕ್ಕೆ ಎಸೆದ ಅಕ್ಕಿಮುಡಿ ಸುಲ್ತಾನ್ ಬತ್ತೇರಿಯಿಂದ ಹಾರಿ, ಹೊಳೆ ದಾಟಿ, ಆಚೆ ತಣ್ಣೀರುಬಾವಿಯಲ್ಲಿ ಬಿದ್ದಿತ್ತು. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಪೂರ್ತಿ ನಲವತ್ತೆರಡು ಸೇರು ಅಕ್ಕಿ. ಅಲ್ಲಿ ಬಲೆ ಒಣಗಿಸುತ್ತಿದ್ದವರು ಆಕಾಶದಿಂದ ಅಕ್ಕಿ ಬಂತು ಅಂತ ಗಂಜಿಗೆ ನೀರಿಟ್ಟರು. ನಂಬಿಕೆ ಬಾರದಿದ್ದರೆ ನಿನ್ನ ಶಾಲೆಯ ವ್ಯಾನ್ ಓಡಿಸುವ ಶುಕೂರನನ್ನು ಕೇಳು. ಅವನು ಆ ದಿನ ಅಲ್ಲಿ ಇರಲಿಲ್ಲ. ಆದರೆ ನಾನು ಹೇಳಿಕೊಟ್ಟದ್ದನ್ನು ತಪ್ಪಿಲ್ಲದೆ ಹೇಳುತ್ತಾನೆ.

ಇಷ್ಟು ದೊಡ್ಡ ಮನುಷ್ಯ ನಿನಗೆ ಸೋದರಮಾವ ಆಗಿರುವಾಗ ನೀನು ವ್ಯಾನಿನ ಕೊನೆಯ ಸೀಟಿನಲ್ಲಿ ಕಿಟಕಿಗೆ ಹಣೆ ಒತ್ತಿ ಕೂತುಕೊಳ್ಳುವುದು ಎಂತಕ್ಕೆ? ಶುಕೂರ್ ಎಲ್ಲ ಹೇಳಿದ್ದಾನೆ. ಮೊದಲು ಮುಂದಿನ ಸೀಟಿಗೆ ಜಗಳ ಮಾಡುತ್ತಿದ್ದವಳು ಈಗ ಮಾತೇ ಆಡುವುದಿಲ್ಲವಂತೆ.

ನಿನ್ನ ಅಮ್ಮ ನನ್ನ ನಂಬರ್ ಬ್ಲಾಕ್ ಮಾಡಿದ್ದಾಳೆ. ಕೊಟ್ಟಾರದ ನಿಮ್ಮ ಹೊಸ ಬಾಡಿಗೆ ಮನೆಯ ಮೆಟ್ಟಿಲು ಹತ್ತಬಾರದು ಅಂತಲೂ ಹೇಳಿ ಕಳಿಸಿದ್ದಾಳೆ. ಸುಗಂಧಿಗೆ ಸಿಟ್ಟು ಬರುವುದು ಹೊಸತಲ್ಲ. ಅವಳು ನನ್ನ ತಂಗಿ. ಚಿಕ್ಕಂದಿನಲ್ಲಿ ಅವಳ ಪಾಲಿನ ಹಲಸಿನ ಹಪ್ಪಳ ತಿಂದದ್ದಕ್ಕೆ ಎರಡು ತಿಂಗಳು ಮಾತು ಬಿಟ್ಟಿದ್ದಳು. ಈಗಿನದು ಒಂದು ಹನ್ನೊಂದು ಸಾವಿರ ರೂಪಾಯಿಯ ವಿಷಯ, ಅಷ್ಟೆ. ಹನ್ನೊಂದು ಸಾವಿರ ನನಗೆ ಒಂದು ಲೆಕ್ಕವಾ! ನೀನು ನೋಡ್ತಾ ಇರು. ಈ ದಸರಾದ ಒಳಗೆ ನಿನ್ನ ಪಪ್ಪನನ್ನೂ ಅಮ್ಮನನ್ನೂ ಒಂದೇ ಮನೆಯಲ್ಲಿ ಕೂರಿಸಿ ಊಟ ಹಾಕಿಸುತ್ತೇನೆ.

ಇನ್ನೊಂದು ಮಾತು. ಇದು ನಿಮ್ಮ ಇಂಗ್ಲಿಷ್ ಶಾಲೆಯ ಪುಸ್ತಕದಲ್ಲಿ ಇಲ್ಲ. ನಮ್ಮವರಲ್ಲಿ ಕುಲಕ್ಕೆ ಬರಿ ಅಂತ ಹೇಳುವುದು. ಮಕ್ಕಳಿಗೆ ಬರಿ ಬರುವುದು ಅಮ್ಮನ ಕಡೆಯಿಂದ. ನಿನ್ನ ಅಜ್ಜಿಯದ್ದು, ಅಮ್ಮನದ್ದು, ನನ್ನದು, ನಿನ್ನದು ಎಲ್ಲ ಒಂದೇ ಬರಿ. ಪಪ್ಪನದ್ದು ಬೇರೆ. ಹಾಗಾಗಿ ಮನೆ ಎರಡಾದರೂ ನಿನ್ನದು ಎಂತದೂ ಹೋಗಲಿಲ್ಲ. ಹಿಂದಿನ ಕಾಲದಲ್ಲಿ ಆಗಿದ್ದರೆ ನಾನೇ ನಿನ್ನ ಯಜಮಾನ. ತಿಳಿಯಿತಾ?

ಉತ್ತರ ಬರೆದು ಶುಕೂರನ ಕೈಯಲ್ಲಿ ಕೊಡು.

ಇಂತಿ, ಮೀನಿನ ದಕ್ಕೆಯ ಐಸ್ ಪ್ಲಾಂಟಿನ ಮ್ಯಾನೇಜರ್
(ಮಳೆಗಾಲದಲ್ಲಿ ಬೋಟುಗಳಿಗೆ ರಜೆ ಇರುವುದರಿಂದ ಮ್ಯಾನೇಜರಿಗೂ ರಜೆ)
ಜಯ ಮಾಮ


ಕೊಟ್ಟಾರ
10 ಜುಲೈ

ಮಾಮ,

ನಿಮ್ಮ ಕಾಗದ ಸಿಕ್ಕಿತು. ಹೊಳೆ ಅಷ್ಟು ಅಗಲ ಉಂಟಲ್ಲ, ಸುಳ್ಳು.

ನನಗೆ ಈಗ ಎರಡು ಬ್ರಶ್ ಉಂಟು. ಎರಡು ಟವೆಲ್, ಎರಡು ಜೊತೆ ಚಪ್ಪಲಿ. ಜಾಮೆಟ್ರಿ ಬಾಕ್ಸ್ ಮಾತ್ರ ಒಂದೇ. ಅದು ಯಾವಾಗಲೂ ಇನ್ನೊಂದು ಮನೆಯಲ್ಲಿ ಇರ್ತದೆ. ಶನಿವಾರ ಶಾಲೆ ಬಿಟ್ಟ ಮೇಲೆ ಶುಕೂರ್ ಅಂಕಲ್ ನನ್ನನ್ನು ಜೆಪ್ಪುವಿನಲ್ಲಿ ಪಪ್ಪನ ಮನೆಗೆ ಬಿಡ್ತಾರೆ. ಅದು ನಮ್ಮ ಹಳೆಯ ಮನೆಯೇ, ಆದರೆ ಅಮ್ಮನ ಹೊಲಿಗೆ ಮೆಷಿನ್ ಇದ್ದ ಜಾಗ ಖಾಲಿ. ಪಪ್ಪ ಅಲ್ಲಿ ಎಂತದೂ ಇಡಲಿಲ್ಲ.

ಬರಿ ಬೇರೆ ಆದರೆ ಪಪ್ಪ ನನಗೆ ಎಂತ ಆಗಬೇಕು? ಸರಿಯಾಗಿ ಬರೆಯಿರಿ.

ಮೋಕ್ಷಾ, 6 ‘ಬಿ’


ಕುದ್ರೋಳಿ
14 ಜುಲೈ 2025

ಮೋಕ್ಷಾ,

ಹೊಳೆಯ ಅಗಲದ ವಿಷಯ ಬಿಡು, ಆಗ ಅದು ಸಪೂರ ಇತ್ತು.

ಪಪ್ಪ ಎಂತ ಆಗಬೇಕು ಅಂತ ಕೇಳಿದ್ದೀಯ. ಪಪ್ಪ ಪಪ್ಪನೇ. ಆದರೆ ಬರಿಯ ಲೆಕ್ಕದಲ್ಲಿ ನಮ್ಮ ಮನೆಗೆ ಬಂದ ಒಳ್ಳೆಯ ನೆಂಟ. ನೆಂಟರು ಬರುತ್ತಾರೆ, ಊಟ ಮಾಡುತ್ತಾರೆ, ಕೆಲವು ಸಲ ಚೀಲ ತೆಗೆದುಕೊಂಡು ಹೊರಡುತ್ತಾರೆ. ಅದಕ್ಕೆ ಮನೆಯ ಮಕ್ಕಳು ಅಳುತ್ತಾ ಕೂರುವುದುಂಟಾ? ಜೆಪ್ಪುವಿನ ಮನೆ ಒಂದು ಲಾಡ್ಜು ಅಂತ ತಿಳಿದುಕೋ. ಶನಿವಾರ ಹೋಗು, ಟಿವಿ ನೋಡು, ಬಾ. ನಿನ್ನ ನಿಜವಾದ ಮನೆ ಎಂದರೆ ನಾವು.

ನಾನು ಏಳನೇ ಕ್ಲಾಸಿನವರೆಗೆ ಮಾತ್ರ ಊರ ಶಾಲೆಯಲ್ಲಿ ಓದಿದವನು. ಆದರೆ ಇಂಥ ವಿಷಯ ಬಿಡಿಸಿ ಹೇಳಲು ಈ ಮಂಗಳೂರಿನಲ್ಲಿ ನನ್ನ ಬಿಟ್ಟು ಬೇರೆ ವಕೀಲ ಇಲ್ಲ.

ಜಯ ಮಾಮ


ಕುದ್ರೋಳಿ
4 ಆಗಸ್ಟ್ 2025

ಮೋಕ್ಷಾ,

ಮೂರು ವಾರ ಆಯಿತು, ನಿನ್ನ ಉತ್ತರ ಇಲ್ಲ. ನಿನ್ನೆ ಉತ್ತರ ಬೇರೆ ದಾರಿಯಲ್ಲಿ ಬಂತು.

ಬೋಟುಗಳು ಮತ್ತೆ ಕಡಲಿಗೆ ಇಳಿದಿವೆ, ದಕ್ಕೆಯಲ್ಲಿ ಈಗ ನಿಲ್ಲಲು ಜಾಗ ಇಲ್ಲ. ಕೂಲಿಯವರು ಕಡಿಮೆ ಇದ್ದುದರಿಂದ ಮ್ಯಾನೇಜರ್ ಆದ ನಾನೇ ಮಂಜುಗಡ್ಡೆ ಹೊರುತ್ತಿದ್ದೆ. ತಲೆಯ ಮೇಲೆ ಗೋಣಿ, ಬೆನ್ನೆಲ್ಲ ನೀರು. ತಿರುಗಿ ನೋಡಿದರೆ ನಿನ್ನ ಪಪ್ಪ. ಇನ್ಶೂರೆನ್ಸ್ ಆಫೀಸಿಗೆ ಹೋಗುವ ಕಪ್ಪು ಶೂ ಹಾಕಿಕೊಂಡೇ ಮೀನಿನ ನೀರಿನಲ್ಲಿ ನಿಂತಿದ್ದರು.

“ಜಯಣ್ಣ, ಬರಿ ಅಂದರೆ ಎಂತ?”

“ಎಂತ ಭಾವ, ನಿಮಗೆ ಗೊತ್ತಿಲ್ಲವಾ?”

“ನನಗೆ ಗೊತ್ತುಂಟು. ಮೋಕ್ಷಾಳಿಗೆ ಯಾರು ಹೇಳಿಕೊಟ್ಟದ್ದು? ಎರಡು ಶನಿವಾರ ಆಯ್ತು ಅವಳು ಬಾರದೆ. ಬಂಗುಡೆ ಮೀನು ತಂದು ಮಸಾಲೆ ಹಚ್ಚಿ ಇಟ್ಟಿದ್ದೆ. ಫೋನ್ ಮಾಡಿದರೆ ಹೇಳ್ತಾಳೆ, ಪಪ್ಪ ನೀವು ಬೇರೆ ಬರಿ, ನಾನು ನಿಮ್ಮಲ್ಲಿಗೆ ನೆಂಟರ ಹಾಗೆ ಬರುವುದು ಬೇಡ ಅಂತ. ಅಳಲೂ ಇಲ್ಲ ಜಯಣ್ಣ. ಬ್ಯಾಂಕಿನವರು ಮಾತಾಡುವ ಹಾಗೆ ಮಾತಾಡಿದಳು.”

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭ ಆಗುತ್ತಿತ್ತು, ಬೈಗುಳದಲ್ಲಿ ನನ್ನನ್ನು ಗೆದ್ದವರಿಲ್ಲ. ಅಷ್ಟರಲ್ಲಿ ಅಲ್ಫೋನ್ಸ್ ಕೂಗಿದ, “ಓ ಜಯ, ಐಸ್ ಕರಗ್ತದೆ ಮಾರಾಯ, ನೆಂಟರ ಹತ್ತಿರ ಆಮೇಲೆ ಮಾತಾಡು!” (ಅಲ್ಫೋನ್ಸ್ ಯಾರು ಅಂದರೆ, ಅವನೇ ಮ್ಯಾನೇಜರ್.) ಪಪ್ಪ ತಲೆ ಅಲ್ಲಾಡಿಸಿ ಹೊರಟುಹೋದರು. ಅವರ ಶೂವಿನಿಂದ ಗೇಟಿನವರೆಗೆ ಪಚಪಚ ಶಬ್ದ ಬರುತ್ತಾ ಇತ್ತು.

ನಾನು ಬರೆದದ್ದು ತಪ್ಪು, ಮಗಾ. ನಿನಗೆ ಧೈರ್ಯ ಬರಲಿ ಅಂತ ಬರೆದೆ. ನನ್ನ ದೊಡ್ಡಸ್ತಿಕೆಯೂ ಅದರಲ್ಲಿ ಸೇರಿಕೊಂಡಿತು. ಯಾರನ್ನು ಮದುವೆ ಆಗಬಾರದು, ಯಾರು ಸತ್ತರೆ ಸೂತಕ, ಬರಿ ಹೇಳುವುದು ಇಷ್ಟನ್ನೇ. ಯಾರ ಪಕ್ಕ ಮಲಗಿದರೆ ಗುಡುಗಿಗೆ ಹೆದರಿಕೆ ಆಗುವುದಿಲ್ಲ ಅಂತ ಅದು ಹೇಳುವುದಿಲ್ಲ.

ನೀನು ಎಲ್‌ಕೆಜಿಗೆ ಹೋದ ಮೊದಲ ದಿನ ಒಂದು ಶೂ ಸ್ಕೂಟರಿನಲ್ಲೇ ಬಿಟ್ಟು ಒಳಗೆ ಓಡಿದ್ದೆ. ವಾಚ್‌ಮನ್ ನಿನ್ನ ಪಪ್ಪನನ್ನು ಒಳಗೆ ಬಿಡಲಿಲ್ಲ. ಶೂ ಕೊಡಿ, ನಾವು ತಲುಪಿಸುತ್ತೇವೆ ಅಂದರೂ ಅವರು ಕೊಡಲಿಲ್ಲ. ಆಫೀಸಿಗೆ ರಜೆ ಹಾಕಿ ಮಧ್ಯಾಹ್ನದ ಬೆಲ್ಲಿನವರೆಗೆ ಆ ಒಂದು ಶೂ ಹಿಡಿದು ಮಳೆಯಲ್ಲಿ ನಿಂತರು. ನಾನು ಕಣ್ಣಾರೆ ನೋಡಿದ್ದೇನೆ. ಇದು ಅಕ್ಕಿಮುಡಿಯಂಥ ಕತೆ ಅಲ್ಲ.

ಅಂಥ ನೆಂಟ ಯಾರಿಗೆ ಸಿಗ್ತಾನೆ? ಈ ಶನಿವಾರ ಹೋಗು. ಬಂಗುಡೆ ಕರಟಿ ಹೋಗಿದ್ದರೂ ತಿನ್ನು.

ನಿನ್ನ ಮಾಮ, ಜಯ


ಕೊಟ್ಟಾರ
11 ಆಗಸ್ಟ್

ಮಾಮ,

ಹೋದೆ. ಬಂಗುಡೆ ಒಂದು ಕಡೆ ಕರಟಿ ಹೋಗಿತ್ತು, ಇನ್ನೊಂದು ಕಡೆ ಬೇಯಲಿಲ್ಲ. ಪಪ್ಪ “ಸಾರಿ” ಹೇಳಿದರು, ನಾನೂ “ಸಾರಿ” ಹೇಳಿದೆ. ಯಾತಕ್ಕೆ ಅಂತ ಇಬ್ಬರೂ ಕೇಳಲಿಲ್ಲ.

ನಿಮಗೆ ಒಂದು ವಿಷಯ ಹೇಳ್ತೇನೆ. ಯಾರಿಗೂ ಹೇಳಬೇಡಿ, ಶುಕೂರ್ ಅಂಕಲಿಗೂ.

ಮನೆ ಎರಡಾದದ್ದು ನನ್ನಿಂದ. ಮಾರ್ಚ್‌ನಲ್ಲಿ ಒಂದು ದಿನ ಊಟ ಮಾಡುವಾಗ ಪಪ್ಪನ ಫೋನ್ ನನ್ನ ಕೈಯಲ್ಲಿ ಇತ್ತು. ಬ್ಯಾಂಕಿನ ಮೆಸೇಜ್ ಬಂತು. ನಾನು ಟಿವಿಯಲ್ಲಿ ವಾರ್ತೆ ಓದುವವರ ಹಾಗೆ ಎದ್ದು ನಿಂತು ಗಟ್ಟಿಯಾಗಿ ಓದಿದೆ. ಇಷ್ಟು ರೂಪಾಯಿ ಜಯ ಅವರ ಖಾತೆಗೆ ಹೋಗಿದೆ ಅಂತ. ನಗಿಸಲಿಕ್ಕೆ ಓದಿದ್ದು. ಪಪ್ಪ ಕೈ ಚಾಚಿದರು, ಆದರೆ ಅಷ್ಟರಲ್ಲಿ ನಾನು ಓದಿ ಮುಗಿಸಿದ್ದೆ. ಅಮ್ಮ ಬಡಿಸುವುದನ್ನು ನಿಲ್ಲಿಸಿದರು. ಸೌಟಿನಿಂದ ಸಾರು ಮೇಜಿನ ಮೇಲೆ ಬೀಳ್ತಾ ಇತ್ತು, ಯಾರೂ ಒರೆಸಲಿಲ್ಲ. ಆ ದಿನದಿಂದ ಜಗಳ. ಮೇಯಲ್ಲಿ ನಾವು ಕೊಟ್ಟಾರಕ್ಕೆ ಬಂದೆವು.

ನಾನು ಮನಸ್ಸಿನಲ್ಲಿ ಓದಿದ್ದರೆ ಎಂತದೂ ಆಗ್ತಿರಲಿಲ್ಲ.

ಈಗ ಕ್ಲಾಸಿನಲ್ಲಿ ಮಿಸ್ ಪಾಠ ಓದು ಅಂದರೆ ನಾನು ಓದುವುದಿಲ್ಲ. ಓದಲಿಕ್ಕೆ ಬರ್ತದೆ. ಆದರೆ ಓದುವುದಿಲ್ಲ.

ಮೋಕ್ಷಾ


ಕುದ್ರೋಳಿ
14 ಆಗಸ್ಟ್ 2025

ನನ್ನ ಚಿನ್ನ ಮೋಕ್ಷಾ,

ಛೆ ಛೆ ಛೆ! ಇಷ್ಟು ದಿನ ಇದನ್ನು ತಲೆಯಲ್ಲಿ ಇಟ್ಟುಕೊಂಡಿದ್ದೀಯಾ ಮಾರಾಯ್ತಿ? ತಪ್ಪು ನಿನ್ನದಲ್ಲ. ತಪ್ಪು ಬ್ಯಾಂಕಿನದ್ದು, ಊಟದ ಹೊತ್ತಿಗೆ ಮೆಸೇಜ್ ಕಳಿಸುವ ಬುದ್ಧಿ ಯಾರಿಗೆ ಬರ್ತದೆ? ನನ್ನ ಕೈಯಲ್ಲಿ ಅಧಿಕಾರ ಇದ್ದರೆ ಮಧ್ಯಾಹ್ನ ಹನ್ನೆರಡರಿಂದ ಎರಡು, ರಾತ್ರಿ ಎಂಟರಿಂದ ಹತ್ತು ಮೆಸೇಜ್ ಬಂದ್.

ದೊಡ್ಡವರ ಜಗಳಕ್ಕೆ ನೂರು ಕಾರಣ ಇರುತ್ತದೆ. ನನ್ನ ಹನ್ನೊಂದು ಸಾವಿರದ್ದು ಅದರಲ್ಲಿ ನೂರನೆಯದ್ದು. ಬೇರೆ ತೊಂಬತ್ತೊಂಬತ್ತು ನಿನಗೆ ದೊಡ್ಡವಳಾದ ಮೇಲೆ ಗೊತ್ತಾಗುತ್ತದೆ. ನೀನು ಗಟ್ಟಿಯಾಗಿ ಓದು. ನಾನು ಊರ ಶಾಲೆಯಲ್ಲಿ ಓದುವಾಗ ನಾಲ್ಕು ಗದ್ದೆ ಆಚೆಯವರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು, ಇನ್ಸ್‌ಪೆಕ್ಟರ್ ಬಂದು ಹಾರ ಹಾಕಿದ್ದರು.

ಜಯ ಮಾಮ


ಕೊಟ್ಟಾರ
20 ಆಗಸ್ಟ್

ಮಾಮ,

ಮೆಸೇಜಿನಲ್ಲಿ ಇದ್ದದ್ದು ಎರಡು ಲಕ್ಷ. ನನಗೆ ಸೊನ್ನೆ ಲೆಕ್ಕ ಮಾಡಲಿಕ್ಕೆ ಬರ್ತದೆ.

ನನ್ನಿಂದ ಅಲ್ಲ ಅಂತ ಎಲ್ಲರೂ ಹೇಳ್ತಾರೆ. ಯಾರಿಂದ ಅಂತ ಯಾರೂ ಹೇಳುವುದಿಲ್ಲ. ಹಾಗಾದರೆ ನನ್ನಿಂದಲೇ. ಇನ್ನು ಕಾಗದ ಬೇಡ.

ಮೋಕ್ಷಾ


ಕೊಟ್ಟಾರ
16 ಸೆಪ್ಟೆಂಬರ್ 2025

ಅಣ್ಣ,

ಫೋನಿನಲ್ಲಿ ನಿನ್ನ ಸ್ವರ ಕೇಳಿದರೆ ನಾನು ಕೂಗಾಡುತ್ತೇನೆ. ಮೋಕ್ಷಾ ಆಚೆ ಕೋಣೆಯಲ್ಲಿ ಇರುತ್ತಾಳೆ. ಅದಕ್ಕೆ ಬರೆಯುತ್ತಿದ್ದೇನೆ.

ಅವಳ ಯೂನಿಫಾರ್ಮಿನ ಅಡಿಯಲ್ಲಿ ನಿನ್ನ ಕಾಗದಗಳು ಸಿಕ್ಕಿದವು. ಓದಿದೆ. ಅಕ್ಕಿಮುಡಿಯ ಕತೆಗೆ ನಗು ಬಂತು, ನಕ್ಕದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಶಾಲೆಯಿಂದ ಕರೆಸಿದ್ದರು. ಓದು ಅಂದರೆ ಪುಸ್ತಕ ಹಿಡಿದು ನಿಲ್ಲುತ್ತಾಳಂತೆ. ಬಾಯಿ ತೆರೆಯುವುದಿಲ್ಲ. ಮಕ್ಕಳು ನಗುತ್ತಾರೆ, ನಿಂತೇ ಇರುತ್ತಾಳೆ. ನಿನ್ನೆ ನಾನು ಪಕ್ಕದಲ್ಲಿ ಕೂತು ಕೇಳಿದೆ. “ನಾನು ಓದಿದರೆ ಎಂತಾದರೂ ಆಗ್ತದೆ ಅಮ್ಮ” ಅಂದಳು. ನಿನ್ನಿಂದ ಎಂತದೂ ಆಗಲಿಲ್ಲ ಮಗಾ ಅಂತ ನಾನು ನೂರು ಸಲ ಹೇಳಿದೆ. ನನ್ನ ಮುಖ ನೋಡಿ, “ಹಾಗಾದರೆ ಮಾಮ ಯಾಕೆ ಹನ್ನೊಂದು ಸಾವಿರ ಅಂತ ಸುಳ್ಳು ಹೇಳುವುದು?” ಅಂತ ಕೇಳಿದಳು.

ನಿನ್ನ ಭಾವ ಹಿತೇಶ್ ಇವತ್ತಿಗೂ ನನಗೆ ಪೂರ್ತಿ ಹೇಳಿಲ್ಲ. ಆ ಎರಡು ಲಕ್ಷ ಮೊದಲನೆಯದೋ ಕೊನೆಯದೋ ಅಂತಲೂ ಹೇಳುವುದಿಲ್ಲ. ಕೇಳಿದರೆ “ಜಯಣ್ಣನಿಗೆ ಮಾತು ಕೊಟ್ಟಿದ್ದೇನೆ” ಅನ್ನುತ್ತಾರೆ. ಅದು ನನ್ನ ದುಡ್ಡೂ ಹೌದು. ಆಸ್ಪತ್ರೆಯ ಲ್ಯಾಬಿನಲ್ಲಿ ಹನ್ನೆರಡು ವರ್ಷ ನಿಂತು ದುಡಿದದ್ದು. ಹೋದದ್ದು ಹೋಯಿತು. ನೀವಿಬ್ಬರು ಗಂಡಸರು ಸೇರಿ ನನ್ನನ್ನು ಹೊರಗೆ ಇಟ್ಟಿರಲ್ಲ, ಅದು ನನಗೆ ನುಂಗಲು ಆಗುವುದಿಲ್ಲ.

ಎಷ್ಟು, ಅಣ್ಣ?

ಸುಗಂಧಿ


ಕುದ್ರೋಳಿ
13 ನವೆಂಬರ್ 2025

ಮೋಕ್ಷಾ,

ಕಾಗದ ಬೇಡ ಅಂದಿದ್ದೆ. ಆದರೂ ಬರೆಯುತ್ತಿದ್ದೇನೆ. ಇದಕ್ಕಿಂತ ಮೊದಲು ಐದು ಬರೆದು ಹರಿದೆ. ಐದರಲ್ಲೂ ನಾನೇ ಒಳ್ಳೆಯವನಾಗಿ ಕಾಣುತ್ತಿದ್ದೆ.

ನಾಡಿದ್ದು ಶನಿವಾರ ನಿಮ್ಮ ಶಾಲೆಯಲ್ಲಿ ಪೇರೆಂಟ್ಸ್ ಮೀಟಿಂಗ್ ಉಂಟಂತೆ, ಪಪ್ಪನೂ ಅಮ್ಮನೂ ಬರುತ್ತಾರಂತೆ, ಶುಕೂರ್ ಹೇಳಿದ. ಮೀಟಿಂಗ್ ಮುಗಿದ ಮೇಲೆ ಇಬ್ಬರನ್ನೂ ಎಲ್ಲಿಯಾದರೂ ಎದುರು ಕೂರಿಸಿ ಈ ಕಾಗದ ಓದು. ಮನಸ್ಸಿನಲ್ಲಿ ಅಲ್ಲ. ಗಟ್ಟಿಯಾಗಿ. ಮಾರ್ಚ್‌ನಲ್ಲಿ ಎದ್ದು ನಿಂತು ಓದಿದ್ದೆಯಲ್ಲ, ಹಾಗೆ. ನಿನಗೆ ಬೇಡ ಅನ್ನಿಸಿದರೆ ಅಮ್ಮನ ಕೈಯಲ್ಲಿ ಕೊಡು. ಅದೂ ಸರಿಯೇ, ನನಗೆ ಬೇಸರ ಇಲ್ಲ.

ಈಗ ಓದುವುದು.

ಕುದ್ರೋಳಿಯಲ್ಲಿ ನನಗೊಂದು ಗೂಡಂಗಡಿ ಇತ್ತು, ನಿನಗೆ ನೆನಪುಂಟು, ನೀನು ಅಲ್ಲಿ ಬಂದು ಪುನರ್ಪುಳಿ ಸೋಡಾ ಕುಡಿಯುತ್ತಿದ್ದೆ. ಅದನ್ನು ಬೇಸರ ಬಂದು ಮಾರಿದೆ ಅಂತ ನಿನಗೆ ಹೇಳಿದ್ದೆ. ಸುಳ್ಳು. ಒಂದು ಲಕ್ಕಿ ಸ್ಕೀಮಿನವರು ಬಂದರು. ತಿಂಗಳಿಗೆ ಒಂದು ಸಾವಿರ ಕಟ್ಟಬೇಕು, ಪ್ರತಿ ತಿಂಗಳು ಡ್ರಾ, ಕಾರು, ಚಿನ್ನ, ಫ್ಲಾಟು. ಬಹುಮಾನ ಬಾರದವರಿಗೆ ಕೊನೆಯಲ್ಲಿ ಕಟ್ಟಿದ್ದೆಲ್ಲ ವಾಪಸ್. ನಾನು ನಮ್ಮ ಓಣಿಯ ಏಜೆಂಟ್ ಆದೆ. ಕುತ್ತಿಗೆಗೆ ಕಾರ್ಡು ನೇತುಹಾಕಿಕೊಂಡು ತಿರುಗಿದೆ. ಕೇಳಿದವರಿಗೆಲ್ಲ “ಕಂಪೆನಿಯನ್ನು ನಂಬಬೇಡಿ, ನನ್ನನ್ನು ನಂಬಿ” ಅಂದೆ. ಅವರು ನಂಬಿದರು.

ಹನ್ನೊಂದನೇ ತಿಂಗಳು ಕಟ್ಟಿದ ಮೇಲೆ ಅವರ ಆಫೀಸಿಗೆ ಬೀಗ. ಫೋನ್ ಇಲ್ಲ. ಜನ ನನ್ನ ಅಂಗಡಿಗೆ ಬಂದರು. ಯಾರೂ ಹೊಡೆಯಲಿಲ್ಲ. ನಮ್ಮ ಓಣಿಯ ಇದಿನಬ್ಬ ಬ್ಯಾರಿ ಬೆಂಚಿನ ಮೇಲೆ ಬಂದು ಕೂತರು, ಮರುದಿನ ಪುನಃ ಕೂತರು. “ಮಗಳ ಮದುವೆಗೆ ಅಂತ ಇಟ್ಟದ್ದು ಜಯ” ಅಂದರು, ಅಷ್ಟೆ. ಸೋಡಾ ಕೊಟ್ಟರೆ ಕುಡಿಯಲಿಲ್ಲ. ನಾನು ಅಂಗಡಿಯ ಹಿಂದೆ ಹೋಗಿ ಅತ್ತೆ. ಹುಲಿ ಅತ್ತದ್ದು. ಆ ಬೆಂಚನ್ನು ನೋಡಲಾಗದೆ ಅಂಗಡಿ ಬಿಟ್ಟೆ.

ಆಮೇಲೆ ಜೆಪ್ಪುವಿಗೆ ಓಡಿದೆ. ನಿನ್ನ ಪಪ್ಪ ಒಂದು ಪ್ರಶ್ನೆಯನ್ನೂ ಕೇಳದೆ ಕೊಟ್ಟರು. ಒಂದು ಸಲ ಅಲ್ಲ, ನಾಲ್ಕು ಸಲ. ನೀನು ಓದಿದ್ದು ನಾಲ್ಕನೆಯದ್ದು. ಅದು ನಿಮಗೆ ಫ್ಲಾಟು ತೆಗೆದುಕೊಳ್ಳಲು ಅಮ್ಮ ಮತ್ತು ಪಪ್ಪ ಸೇರಿ ಇಟ್ಟ ದುಡ್ಡು. ಅದರಲ್ಲಿ ನಿನಗೊಂದು ಕೋಣೆ ಬರುವುದಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಚಾಚಿದೆ. ಮೊದಲ ಸಲವೇ ಅವರು “ಸುಗಂಧಿಗೆ ಒಂದು ಮಾತು ಹೇಳುವ” ಅಂದರು. ನಾನು ಅವರ ಕೈ ಹಿಡಿದು, “ಬೇಡ ಭಾವ, ತಂಗಿಯ ಎದುರು ಅಣ್ಣನ ಮರ್ಯಾದೆ ಹೋಗ್ತದೆ” ಅಂತ ಹೇಳಿ ನನ್ನ ತಲೆಯ ಮೇಲೆ ಕೈ ಇಡಿಸಿ ಪ್ರಮಾಣ ಮಾಡಿಸಿದೆ. ಮನೆ ಒಡೆದರೂ ಅವರು ಆ ಮಾತು ಒಡೆಯಲಿಲ್ಲ. ಭಾವ, ಇವತ್ತಿಗೆ ಆ ಪ್ರಮಾಣ ಮುಗಿಯಿತು. ನನ್ನ ತಲೆ ನನಗೆ ವಾಪಸ್ ಕೊಡಿ.

ಸುಗಂಧಿ, ನಿನ್ನನ್ನು ಎತ್ತಿ ಸಾಕಿದವನು ನಾನು ಅಂತ ಊರೆಲ್ಲ ಹೇಳಿಕೊಂಡು ತಿರುಗಿದವನು, ನಿನಗೆ ಒಂದು ಮಾತು ಹೇಳಲು ಹೆದರಿದೆ.

ಮೋಕ್ಷಾ, ಇಲ್ಲಿ ಸ್ವಲ್ಪ ನಿಧಾನವಾಗಿ ಓದು. ನೀನು ಓದಿದ್ದು ನಿಜವನ್ನು. ಅದನ್ನು ಮುಚ್ಚಿಟ್ಟವರು ನಾವು ಇಬ್ಬರು ದೊಡ್ಡವರು. ಮುಚ್ಚಿಡಲು ಹೇಳಿದವನು ನಾನು ಒಬ್ಬ. ನೀನು ಮನಸ್ಸಿನಲ್ಲಿ ಓದಿದ್ದರೂ ಆ ದುಡ್ಡು ಹೋಗಿ ಆಗಿತ್ತು. ನಿನ್ನ ಸ್ವರದಿಂದ ಒಂದು ಪಾತ್ರೆಯೂ ಒಡೆಯಲಿಲ್ಲ.

ದಸರಾದ ಒಳಗೆ ಇವರನ್ನು ಒಟ್ಟು ಮಾಡುತ್ತೇನೆ ಅಂದಿದ್ದೆ. ದಸರಾ ಹೋಯಿತು. ಈ ವರ್ಷ ನಾನು ಹುಲಿವೇಷದ ತಾಸೆಯ ಶಬ್ದ ಕೇಳಿದರೂ ಹೊರಗೆ ಬರಲಿಲ್ಲ. ಅವರು ಒಂದು ಮನೆಗೆ ಬರುತ್ತಾರಾ, ನನಗೆ ಗೊತ್ತಿಲ್ಲ. ಬಾರದೆಯೂ ಇರಬಹುದು. ಅದು ಅವರಿಬ್ಬರ ಲೆಕ್ಕ, ಅದರಲ್ಲಿ ನಿನ್ನ ಹೆಸರು ಎಲ್ಲಿಯೂ ಇಲ್ಲ. ನಿನಗೆ ಪಪ್ಪ ಜೆಪ್ಪುವಿನಲ್ಲಿಯೂ ಪಪ್ಪ, ಅಮ್ಮ ಕೊಟ್ಟಾರದಲ್ಲಿಯೂ ಅಮ್ಮ. ಜಾಮೆಟ್ರಿ ಬಾಕ್ಸ್ ಇನ್ನೊಂದು ಶುಕೂರನ ಕೈಯಲ್ಲಿ ಕಳಿಸಿದ್ದೇನೆ. ಇನ್ನು ಎರಡು ಮನೆಯಲ್ಲೂ ಒಂದೊಂದು ಇರಲಿ.

ಮತ್ತೆ, ಆ ಅಕ್ಕಿಮುಡಿ ಹೊಳೆ ದಾಟಲಿಲ್ಲ. ನನ್ನ ಕಾಲಿನ ಹತ್ತಿರವೇ ಬಿತ್ತು. ಎದುರಿನ ಎರಡು ಹಲ್ಲು ಕಟ್ಟಿಸಿದ್ದು.

ನಿನ್ನ ಮಾಮ,
ಜಯ

ಕಾಗದ ಮಡಚಿ ಕೊಟ್ಟರೆ ಶುಕೂರ್ ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಪುನಃ ಬಿಡಿಸಿ ಬರೆಯುತ್ತಿದ್ದೇನೆ. ವ್ಯಾನಿನ ಕಿಟಕಿಯಲ್ಲಿ ಕೈ ಇಟ್ಟು ಕೇಳುತ್ತಿದ್ದಾನೆ, “ಮೊತ್ತ ಬರೆದಿದ್ದೀಯಾ ಮಾರಾಯ?” ಇಲ್ಲ ಅಂದೆ. “ಅಷ್ಟೆಲ್ಲ ಬರೆದು ಅದನ್ನೇ ಬಿಟ್ಟಿದ್ದೀಯಲ್ಲ.” ಅವನಿಗೆ ಕೇಳುವ ಹಕ್ಕು ಉಂಟು. ಹನ್ನೊಂದು ಸಾವಿರ ಅಂತ ನಾನು ಹೇಳುತ್ತಿದ್ದೆನಲ್ಲ, ಅದು ಪೂರ್ತಿ ಸುಳ್ಳಲ್ಲ. ಶುಕೂರ್ ತಿಂಗಳಿಗೆ ಸಾವಿರದಂತೆ ಹನ್ನೊಂದು ತಿಂಗಳು ಕಟ್ಟಿದ್ದ. ಅದು ಅವನ ಒಂದು ಕಾರ್ಡು. ಅಂಥ ಕಾರ್ಡು ನಾನು ಅರವತ್ತೇಳು ಮಾಡಿಸಿದ್ದೆ. ಎಲ್ಲರಿಗೂ ವಾಪಸ್ ಕೊಟ್ಟದ್ದು ನಿನ್ನ ಪಪ್ಪ ಮತ್ತು, ತನಗೆ ಗೊತ್ತೇ ಇಲ್ಲದೆ, ನಿನ್ನ ಅಮ್ಮ.

ಎದ್ದು ನಿಂತು ಓದು ಮಗಾ. ಏಳು ಲಕ್ಷದ ಮೂವತ್ತೇಳು ಸಾವಿರ ರೂಪಾಯಿ.